ಊಟದಿಂದ ಒಂದು ತಾಸು ದೂರ ಸರಿದ ಚಹಾ

ಗದಗ ಕಡೆಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ಊಟ ಮುಗಿಯುತ್ತಿದ್ದಂತೆಯೇ ಅವ್ವ ಒಲೆಯ ಮೇಲೆ ಚಹಾದ ಬೋಗುಣಿ ಇಡುತ್ತಿದ್ದಳು. ಪುಡಿ, ಸಕ್ಕರೆ ಎರಡನ್ನೂ ನೀರಿಗೆ ಹಾಕಿ ಕಪ್ಪಾಗುವ ತನಕ ಕುದಿಸಿ, ಆಮೇಲೆ ಹಾಲು ಸುರಿದು, ಅದು ಎರಡು ಸಲ ಉಕ್ಕಿ ಬಂದು ಇಳಿದ ಮೇಲೆ ಸೋಸಿ, ಬಸಿಗೆ (ಸಾಸರಿಗೆ) ಹಾಕಿಕೊಂಡು ಊದುತ್ತ ಕುಡಿಯುವುದು ಅವಳ ಕ್ರಮ. "ಊಟ ಆದಮ್ಯಾಲೆ ಚಾ ಕುಡೀದಿದ್ರ ಉಂಡಂಗ ಆಗೂದಿಲ್ಲ ನೋಡು" ಎನ್ನುತ್ತಿದ್ದಳು. ಎರಡು ವರ್ಷಗಳ ಹಿಂದೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4 ಇತ್ತು. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟ ವೈದ್ಯರು, "ಚಹಾ ಯಾವಾಗ ಕುಡೀತೀರಿ ಅಮ್ಮಾರ?" ಎಂದು ಕೇಳಿದರು. ಮಾತ್ರೆ ನುಂಗುವುದಕ್ಕೂ ಚಹಾಕ್ಕೂ ಏನು ಸಂಬಂಧ ಎಂದು ನಾನು ಓದಲು ಕುಳಿತದ್ದು ಅಂದಿನಿಂದ.

ಓದುತ್ತ ಹೋದಂತೆ ನನಗೆ ಮೊದಲು ಕಂಡದ್ದು, ಚಹಾ ತನ್ನ ಬದುಕನ್ನು ಆರಂಭಿಸಿದ್ದೇ ಔಷಧಿಯಾಗಿ ಎಂಬುದು. ಗಿಡಮೂಲಿಕೆಗಳ ಗುಣವನ್ನು ತಾನೇ ತಿಂದು ಪರೀಕ್ಷಿಸುತ್ತಿದ್ದ ಶೆನ್ನಾಂಗ್ ಎಂಬ ಪುರಾಣಪುರುಷ ಚಹಾ ಎಲೆಯ ಗುಣವನ್ನು ಕಂಡುಕೊಂಡನೆಂದು ಚೀನೀಯರು ನಂಬುತ್ತಾರೆ. ಪುರಾಣವನ್ನು ಬದಿಗಿಟ್ಟರೂ ಕೈಗೆ ಸಿಗುವ ಸಾಕ್ಷಿಯಿದೆ: ಕ್ರಿಸ್ತಪೂರ್ವ 141ರಲ್ಲಿ ತೀರಿಕೊಂಡ ಹಾನ್ ವಂಶದ ಚಕ್ರವರ್ತಿ ಜಿಂಗ್‌ನ ಸಮಾಧಿ ಸಂಕೀರ್ಣದಲ್ಲಿ, ಈಗಿನ ಷಿಯಾನ್ ನಗರದ ಹತ್ತಿರ, ಹುಗಿದಿಟ್ಟ ಎಲೆಗಳ ಅವಶೇಷ ದೊರೆಯಿತು. ಅದರಲ್ಲಿ ಕೆಫೀನ್ ಮತ್ತು ಚಹಾ ಎಲೆಯಲ್ಲಿರುವ ಥಿಯನೀನ್ ಎಂಬ ಅಮೈನೋ ಆಮ್ಲ ಇರುವುದನ್ನು ಗುರುತಿಸಿ, ಅದು ಚಹಾವೇ ಎಂದು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಎಂಟನೆಯ ಶತಮಾನದಲ್ಲಿ ಚೀನಾದ ಲೇಖಕ ಲು ಯು ಚಹಾದ ಬಗೆಗೇ ಒಂದು ಗ್ರಂಥವನ್ನು ಬರೆದ. ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆಗಳನ್ನು ಚಹಾದೊಡನೆ ಹಾಕಿ ಕುದಿಸುವುದು ಅವನಿಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. ಅಂಥದ್ದನ್ನು ಅವನು ಚರಂಡಿಯ ನೀರಿಗೆ ಹೋಲಿಸಿದ್ದಾನೆ. ಚೀನಾದಿಂದ 1191ರಲ್ಲಿ ಮರಳಿ ಜಪಾನಿನಲ್ಲಿ ಚಹಾ ಬೆಳೆಯನ್ನು ಹರಡಿದ ಝೆನ್ ಭಿಕ್ಷು ಐಸಾಯ್, 1211ರಲ್ಲಿ ಬರೆದ ತನ್ನ ಪುಸ್ತಕದಲ್ಲಿ ಚಹಾವನ್ನು ಆಯುಷ್ಯ ಕಾಪಾಡುವ ಮದ್ದೆಂದೇ ಕರೆದ.

ನಮ್ಮ ಭಾಷೆಯಲ್ಲಿಯೂ ಈ ಪಯಣದ ಗುರುತು ಉಳಿದಿದೆ. ಚೀನೀ ಭಾಷೆಗಳಲ್ಲಿ ಒಂದೇ ಅಕ್ಷರಕ್ಕಿದ್ದ ಎರಡು ಉಚ್ಚಾರಗಳಲ್ಲಿ 'ಚಾ' ಎಂಬುದು ಬಹುಮಟ್ಟಿಗೆ ಭೂಮಾರ್ಗವಾಗಿ ಪಶ್ಚಿಮಕ್ಕೆ ನಡೆದರೆ, ಫುಜಿಯನ್ ಕರಾವಳಿಯ 'ತೆ' ಡಚ್ ಹಡಗುಗಳಲ್ಲಿ ಯೂರೋಪಿಗೆ ಹೋಗಿ ಇಂಗ್ಲಿಷಿನಲ್ಲಿ 'ಟೀ' ಆಯಿತು. ಧಾರವಾಡ, ಕಾರವಾರಗಳ ಕಡೆಯವರು ಚಹಾ, ಚಾ ಎಂದರೆ ಬೆಂಗಳೂರು, ಮೈಸೂರಿನವರು ಟೀ ಎನ್ನುತ್ತಾರೆ. ಎರಡು ದಾರಿಗಳೂ ಬಂದು ಕನ್ನಡದಲ್ಲಿ ಸೇರಿವೆಯಲ್ಲ ಎಂಬ ಸಂತೋಷ ನನ್ನದು.

ಆದರೆ ಅವ್ವನ ಬೋಗುಣಿಯಲ್ಲಿ ಕುದಿಯುತ್ತಿದ್ದ ಚಹಾಕ್ಕೆ ಅಷ್ಟು ಹಳೆಯ ಇತಿಹಾಸವಿಲ್ಲ. ಅಸ್ಸಾಮಿನ ಸಿಂಗ್ಫೋ ಜನ ತಮ್ಮ ಕಾಡಿನ ಎಲೆಯಿಂದ ಬಹುಕಾಲದಿಂದಲೂ ಚಹಾ ಮಾಡುತ್ತಿದ್ದರು. ಅಸ್ಸಾಮಿನ ಗಣ್ಯ ಮಣಿರಾಮ್ ದೇವಾನ್ ಅವರಿಂದ ಆ ಸುಳಿವು ಪಡೆದ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ 1823ರಲ್ಲಿ ಗಿಡಗಳನ್ನು ಕಂಡ. 1839ರ ಜನವರಿಯಲ್ಲಿ ಅಸ್ಸಾಮಿನ 8 ಪೆಟ್ಟಿಗೆ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ಅಲ್ಲಿಂದ ಮುಂದೆ ದಶಕಗಟ್ಟಲೆ ಭಾರತದಲ್ಲಿ ಬೆಳೆದ ಚಹಾ ಹೆಚ್ಚಾಗಿ ಹೊರದೇಶದವರ ಬಾಯಿಗೇ ಹೋಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಲೆ ನೆಲಕಚ್ಚಿದಾಗ ತೋಟದ ಮಾಲೀಕರಿಗೆ ಈ ದೇಶದ ಜನರೇ ಗಿರಾಕಿಗಳಾಗಬೇಕಾಯಿತು. ಗಿರಣಿಗಳ ಬಾಗಿಲಲ್ಲಿ, ಪೇಟೆಗಳಲ್ಲಿ ಚಹಾ ಮಾಡಿ ತೋರಿಸುವ ತಂಡಗಳು ಓಡಾಡಿದವು. ರೈಲು ನಿಲ್ದಾಣಗಳಲ್ಲಿ ದೇಶಭಾಷೆಗಳ ಫಲಕಗಳು ಮೇಲೆದ್ದವು. ಅದೇ ಹೊತ್ತಿಗೆ, 1930ರಲ್ಲಿ, ಅಸ್ಸಾಮಿನ ಅಮ್ಗುರಿ ತೋಟದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ತಯಾರಾಯಿತು. ಅದರಿಂದ ಹೊರಬರುವ ಸಾಸಿವೆಯಂಥ ಗಟ್ಟಿ ಕಾಳು ಕುದಿಯುವ ನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ, ಸ್ವಲ್ಪವೇ ಪುಡಿಯಲ್ಲಿ ಬಹಳ ಕಪ್ ಚಹಾ ಆಗುತ್ತದೆ, ಹಾಲು ಸಕ್ಕರೆ ಬೆರೆತರೂ ರುಚಿ ಕೆಡುವುದಿಲ್ಲ. ಬಡವರ ಮನೆಯೊಳಗೆ ಚಹಾ ಬಂದು ಕೂರಲು ಈ ಕಾಳೇ ಕಾರಣವೆಂದು ನಾನು ನಂಬುತ್ತೇನೆ.

ಇನ್ನು ಗುಣಗಳ ಮಾತು. ಹಸಿ ಎಲೆಯಲ್ಲಿ ಕ್ಯಾಟೆಚಿನ್ ಎಂಬ ಪಾಲಿಫಿನಾಲುಗಳು, ಅಂದರೆ ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು, ತುಂಬಿರುತ್ತವೆ. ಕೊಯ್ದ ಎಲೆಗೆ ಬೇಗನೆ ಬಿಸಿ ತಾಗಿಸಿದರೆ ಅವು ಹಾಗೆಯೇ ಉಳಿದು ಹಸಿರು ಚಹಾ ಆಗುತ್ತದೆ. ಜಜ್ಜಿ ಗಾಳಿಗೆ ಬಿಟ್ಟರೆ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಕೆಂಪುಕಂದು ವಸ್ತುಗಳಾಗಿ ಬದಲಾಗಿ ನಮ್ಮ ಕಪ್ಪು ಚಹಾ ಆಗುತ್ತದೆ. ಎರಡೂ ಒಂದೇ ಗಿಡದ ಎಲೆಗಳು. ಆ ಸಮಾಧಿಯಲ್ಲಿ ಸಿಕ್ಕ ಥಿಯನೀನ್, ಕೆಫೀನಿನ ಜೊತೆ ಸೇರಿದಾಗ ಗಮನವನ್ನು ಚುರುಕುಗೊಳಿಸುತ್ತದೆಂದು ಕೆಲವು ಸಣ್ಣ ಪ್ರಯೋಗಗಳು ಹೇಳುತ್ತವೆ. ನನಗೆ ಹೆಚ್ಚು ತೂಕವಾಗಿ ಕಂಡದ್ದು 2022ರಲ್ಲಿ ಪ್ರಕಟವಾದ, ಬ್ರಿಟನ್ನಿನ ಸುಮಾರು 5 ಲಕ್ಷ ಜನರನ್ನು 11 ವರ್ಷ ಗಮನಿಸಿದ ಅಧ್ಯಯನ. ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಚಹಾ ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡುಬಂತು, ಹಾಲು ಹಾಕಿಕೊಂಡವರಲ್ಲಿಯೂ ಕೂಡ. ಇಂಥ ಅಧ್ಯಯನದಿಂದ ಚಹಾವೇ ಕಾರಣವೆಂದು ಸಾಬೀತಾಗುವುದಿಲ್ಲ; ಆದರೂ ಚಹಾ ಎಂದರೆ ಕೆಟ್ಟ ಚಟವೆಂದು ಹೆದರಿಸುವವರಿಗೆ ತೋರಿಸಲು ಇಷ್ಟು ಸಾಕು. 2007ರಲ್ಲಿ ಬರ್ಲಿನ್ನಿನಲ್ಲಿ 16 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಮಾತ್ರ, ಕಪ್ಪು ಚಹಾ ರಕ್ತನಾಳಗಳನ್ನು ಸಡಿಲಿಸುವ ಗುಣ ಹಾಲು ಬೆರೆಸಿದಾಗ ಇಲ್ಲವಾಗಿತ್ತು.

ಅವ್ವನಿಗೆ ಸಂಬಂಧಿಸಿದ ಸಂಗತಿ ಈ ಪಾಲಿಫಿನಾಲುಗಳದ್ದೇ. ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣಾಂಶವನ್ನು ಇವು ಹೊಟ್ಟೆಯಲ್ಲಿಯೇ ಹಿಡಿದಿಟ್ಟುಕೊಂಡು ರಕ್ತಕ್ಕೆ ಸರಿಯಾಗಿ ಸೇರಗೊಡುವುದಿಲ್ಲ. ಮಾಂಸದಲ್ಲಿರುವ ಕಬ್ಬಿಣಾಂಶಕ್ಕೆ ಅಷ್ಟು ತೊಂದರೆಯಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪಿನ ಮೇಲೆ ಬದುಕುವ ನಮ್ಮಂಥವರಿಗೇ ಪೆಟ್ಟು ಹೆಚ್ಚು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯ ತನಕ ಚಹಾ, ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದೂ, ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆಂದೂ ತಿಳಿಸಿದೆ. ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ, ಇಷ್ಟು ಸುಲಭದ ತಿಳಿವಳಿಕೆ ಪ್ರತಿಯೊಂದು ಅಡುಗೆಮನೆಗೂ ತಲುಪಿಲ್ಲವೆಂಬುದು ನನ್ನನ್ನು ಕಾಡುತ್ತದೆ.

ಬಸಿಯ ವಿಷಯದಲ್ಲಿ ಮಾತ್ರ ಅವ್ವನ ರೂಢಿಯೇ ಸರಿಯಾಗಿತ್ತು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿತು. ಅಗಲವಾದ ಬಸಿಯಲ್ಲಿ ಚಹಾ ತೆಳ್ಳಗೆ ಹರಡಿ, ಎರಡು ಸಲ ಊದುವಷ್ಟರಲ್ಲಿ ಹದಕ್ಕೆ ಬರುತ್ತದೆ. ಆ ಕಪ್-ಬಸಿಗಳನ್ನು ನಾನು ತೆಗೆದಿಡಲಿಲ್ಲ.

ಮಾತ್ರೆ ಮತ್ತು ಊಟಕ್ಕೆ ಹಿಂಡಿಕೊಳ್ಳುವ ಲಿಂಬೆಹಣ್ಣಿನ ಜೊತೆಗೆ, ಚಹಾವನ್ನು ಮೂರು ಗಂಟೆಯ ಹೊತ್ತಿಗೆ ಸರಿಸಿದೆವು. ಐದು ತಿಂಗಳಲ್ಲಿ ಅವ್ವನ ಹಿಮೋಗ್ಲೋಬಿನ್ 11.2ಕ್ಕೆ ಏರಿತು. ಮಾತ್ರೆಯ ಪಾಲೆಷ್ಟು, ಹೊತ್ತು ಬದಲಿಸಿದ್ದರ ಪಾಲೆಷ್ಟು ಎಂದು ಬೇರೆ ಮಾಡಿ ಹೇಳಲಾಗದು. ಈಗಲೂ ಕೈ ತೊಳೆದುಕೊಂಡು ಬಂದ ಕೂಡಲೇ ಅವಳ ಕಣ್ಣು ಒಲೆಯ ಕಡೆ ಹೋಗುತ್ತದೆ, ಆಮೇಲೆ ಗೋಡೆಯ ಗಡಿಯಾರವನ್ನು ನೋಡಿ, ಒಳಗಿನ ಕೋಣೆಯಲ್ಲಿರುವ ನನ್ನನ್ನು ಕೂಗಿ ಕೇಳುತ್ತಾಳೆ: "ತಾಸ ಆತೇನಪಾ?"