ನೀರಿಲ್ಲದ ಪಂಪಿನಂಥ ಶಾಕಬ್ಸರ್

ನಮ್ಮ ರಸ್ತೆಯಲ್ಲಿ ಮೂರು ಹಂಪ್ ಇವೆ. ಮೂರನೆಯದನ್ನು ದಾಟಿ ಮನೆ ಮುಂದೆ ನಿಲ್ಲಿಸಿದರೂ ಕಾರಿನ ಹಿಂಭಾಗ ಇನ್ನೂ ತೂಗಾಡುತ್ತಿತ್ತು. ಪಕ್ಕದಲ್ಲಿದ್ದ ಮಗಳು "ಅಪ್ಪಾ, ತೊಟ್ಟಿಲು" ಅಂದಳು.

ಕಾರು 1973ರ ಎಂಜಿಬಿ ಜಿಟಿ. ನಾವಿರುವುದು ಇಂಗ್ಲೆಂಡಿನ ಡಿಡ್ಕಾಟ್‌ನಲ್ಲಿ. 1962ರಿಂದ 1980ರವರೆಗೆ ಎಂಜಿಬಿಗಳು ತಯಾರಾದ ಅಬಿಂಗ್ಡನ್ ಇಲ್ಲೇ ಪಕ್ಕದ ಊರು. 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರಿಗೆ ಇಲ್ಲಿ ಎಂಒಟಿ, ಅಂದರೆ ಕಾರು ರಸ್ತೆಗೆ ಯೋಗ್ಯವಾಗಿದೆಯಾ ಅಂತ ನೋಡುವ ವರ್ಷವರ್ಷದ ತಪಾಸಣೆ, ಕಡ್ಡಾಯವಲ್ಲ. ದುಡ್ಡು ಉಳೀತು, ಸರಿ. ಆದರೆ ಅಡಿಯಲ್ಲಿ ಏನಾಗಿದೆ ಅಂತ ಹೇಳೋರೂ ಇಲ್ಲ. ನಾವೇ ಮಲಗಿ ನೋಡಬೇಕು.

ಶನಿವಾರ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಶಾಕಬ್ಸರ್ ಅಂದರೆ ಬೈಕಿನಲ್ಲಿರುವ ಕೊಳವೆ ನೆನಪಾಗುತ್ತೆ, ಅಲ್ವಾ? ಇದು ಹಾಗಿಲ್ಲ. ಚಾಸಿಗೆ ಬೋಲ್ಟ್ ಮಾಡಿದ ಒಂದು ಲೋಹದ ಡಬ್ಬಿ, ಅದರ ಪಕ್ಕಕ್ಕೊಂದು ತೋಳು. ತೋಳಿನ ತುದಿಯಿಂದ ಇಳಿದ ಕಡ್ಡಿ ಆಕ್ಸಲ್ ಕೆಳಗಿನ ಪ್ಲೇಟಿಗೆ ಸೇರುತ್ತದೆ. ಚಕ್ರ ಕುಣಿದರೆ ತೋಳು ಆಡುತ್ತದೆ, ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ವಾಲ್ವಿನ ಮೂಲಕ ತಳ್ಳುತ್ತದೆ. ಎಣ್ಣೆ ಸಲೀಸಾಗಿ ಹೋಗಲ್ಲ. ಆ ಹಟವೇ ಕುಣಿತ ನಿಲ್ಲಿಸುವುದು.

ಕಡ್ಡಿ ಬಿಚ್ಚಿ ತೋಳನ್ನು ಕೈಯಲ್ಲಿ ಎತ್ತಿ ಬಿಟ್ಟೆ. ಲಟಕ್ ಅಂತ ಬಿತ್ತು. ಈ ಅನುಭವ ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ನಮ್ಮೂರಿನ ಬೋರ್‌ವೆಲ್ ಪಂಪು ಬೇಸಿಗೆಯಲ್ಲಿ ಹೀಗೇ ಆಗುತ್ತಿತ್ತು. ಹಿಡಿ ಒತ್ತಿದರೆ ಭಾರವೇ ಇಲ್ಲ. ಆಗ ಕೊಡ ಎತ್ತಿಕೊಂಡು ಸುಮ್ನೆ ವಾಪಸ್ ಹೋಗೋದು.

ಬಿಚ್ಚುವುದರಲ್ಲೇ ಅರ್ಧ ದಿನ ಹೋಯಿತು. ಬೋಲ್ಟುಗಳು ಇಂಚಿನ ಲೆಕ್ಕದವು, 9/16. ನನ್ನ ಹತ್ತಿರ ಇದ್ದದ್ದು ಮಿಲಿಮೀಟರ್ ಸ್ಪ್ಯಾನರ್. 14 ಹಿಡಿಸಲ್ಲ, 15 ಜಾರುತ್ತೆ. 15ರಲ್ಲೇ ತಿರುಗಿಸೋಣ ಅಂತ ಹೋಗಿ ಒಂದು ಬೋಲ್ಟಿನ ಮೂಲೆ ಸವೆಸಿದೆ, ಗೆಣ್ಣಿನ ಚರ್ಮವೂ ಹೋಯಿತು. ಎದುರು ಮನೆಯ ಅಜ್ಜ ಏನೂ ಮಾತಾಡದೆ ತಮ್ಮ ಹಳೇ ಸ್ಪ್ಯಾನರ್ ಸೆಟ್ ತಂದು ಪಕ್ಕದಲ್ಲಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.

ತರಿಸಿದ್ದು ರೀಕಂಡೀಷನ್ ಮಾಡಿದ ಜೋಡಿ. ಕೂರಿಸುವ ಮೊದಲು ನೆಟ್ಟಗೆ ಹಿಡಿದು ತೋಳನ್ನು ಏಳೆಂಟು ಸಲ ಪೂರ್ತಿ ಆಡಿಸಬೇಕು, ಒಳಗಿನ ಗಾಳಿ ಹೊರಗೆ ಬರಲಿ ಅಂತ. ಎಡಗಡೆಯದು ಮೂರನೇ ಸಲಕ್ಕೇ ಬಿಗಿ ಹಿಡಿಯಿತು. ಎರಡೂ ಕೈ ಹಾಕಿ ಒತ್ತಿದರೆ ಜೇನಿನಲ್ಲಿ ಚಮಚ ಆಡಿಸಿದ ಹಾಗೆ ನಿಧಾನವಾಗಿ ಇಳಿಯಿತು. ಆ ಖುಷಿಗೆ ಇನ್ನೂ ಹತ್ತು ಸಲ ಜಾಸ್ತಿ ಒತ್ತಿದೆ.

ಬಲಗಡೆಯದು ಅರ್ಧ ದಾರಿ ಸಡಿಲ. ಮೇಲಿನ ಪ್ಲಗ್ ಬಿಚ್ಚಿ ಎಣ್ಣೆ ತುಂಬಿಸಿ, ರಾತ್ರಿ ಪೇಪರ್ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ಪೇಪರಿನಲ್ಲಿ ದೋಸೆಯಷ್ಟು ಅಗಲದ ಕಲೆ. ತೋಳಿನ ಬುಡದ ಸೀಲೇ ಹೋಗಿತ್ತು. ಹೊಸ ಬಣ್ಣ ಮಾತ್ರ ಚೆನ್ನಾಗಿ ಬಳಿದಿದ್ದರು! ಅಂಗಡಿಯವರು ತಕರಾರಿಲ್ಲದೆ ಬದಲಿಸಿ ಕೊಟ್ಟರು, ಆದರೆ ಹತ್ತು ದಿನ ಕಾರು ಸ್ಟ್ಯಾಂಡ್ ಮೇಲೆಯೇ ಕೂತಿತ್ತು.

ಎರಡನೆಯದನ್ನು ಕೂರಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಮಗಳನ್ನು ಕೂರಿಸಿಕೊಂಡು ಮೂರೂ ಹಂಪ್ ದಾಟಿದೆ. ಈ ಸಲ ತೊಟ್ಟಿಲಿನ ಮಾತಿಲ್ಲ, ಕಿಟಕಿಯಾಚೆ ಏನೋ ನೋಡುತ್ತಿದ್ದಳು.

ಹಳೇ ಜೋಡಿ ವಾಪಸ್ ಕೊಟ್ಟರೆ ಠೇವಣಿ ಹಣ ಬರುತ್ತದೆ. ಅವನ್ನು ಒರೆಸಿ, ಡಬ್ಬಕ್ಕೆ ಹಾಕಿ ಅಂಚೆ ಕಚೇರಿಗೆ ಹೊತ್ತುಕೊಂಡು ಹೋದೆ. ಕೌಂಟರಿನ ಹೆಂಗಸು ತೂಕಕ್ಕೆ ಇಟ್ಟು ಕೇಳಿದರು: "ಒಳಗೆ ಎಣ್ಣೆ, ಗಿಣ್ಣೆ ಏನಾದರೂ ಇದೆಯಾ?"

"ಇಲ್ಲ ಮೇಡಂ," ಅಂದೆ. "ಅದಕ್ಕೇ ಕಳಿಸ್ತಾ ಇರೋದು."