ಹಳೇ ಸ್ಟುಡಿಯೋ ಲೈಟು ಸಿಕ್ಕಿದೆ, ಉರಿಸಬಹುದಾ?

ಹಳೇ ಲೈಟುಗಳನ್ನು ರಿಪೇರಿ ಮಾಡಿ, ಅವುಗಳಲ್ಲೇ ಫೋಟೋ ತೆಗೆಯುತ್ತೇನೆ ಅಂತ ಗೊತ್ತಾದ ಮೇಲೆ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮುಚ್ಚಿಹೋದ ಸ್ಟುಡಿಯೋದಿಂದಲೋ ಅಟ್ಟದ ಮೂಲೆಯಿಂದಲೋ ಒಂದು ಭಾರೀ ಲೈಟು ಸಿಕ್ಕಿರುತ್ತದೆ. ಅದರ ಫೋಟೋ ಕಳಿಸಿ ಕೇಳುತ್ತಾರೆ: "ಇದು ಯಾವ ಲೈಟು ಸಾರ್? ಪ್ಲಗ್ಗಿಗೆ ಹಾಕಿ ನೋಡ್ಲಾ?"

ಹಾಕಬೇಡಿ. ಮೊದಲು ಅದರ ಮುಂಭಾಗ, ಬಲ್ಬಿನ ಹೋಲ್ಡರು, ವೈರು, ಈ ಮೂರನ್ನು ನಿಧಾನವಾಗಿ ನೋಡಿ. ಅದು ಏನು ಅನ್ನೋದೂ, ಉರಿಸಬಹುದಾ ಅನ್ನೋದೂ ಅಲ್ಲೇ ಗೊತ್ತಾಗುತ್ತದೆ.

ಅದಕ್ಕೂ ಮುಂಚೆ, ಅದು ನಿಜವಾಗಿ ಒಂದೇ ಸಮ ಉರಿಯುವ ಲೈಟು ಹೌದಾ ಅಂತ ಖಚಿತ ಮಾಡಿಕೊಳ್ಳಿ. ಹಳೇ ಸ್ಟುಡಿಯೋ ಫ್ಲ್ಯಾಶ್‌ಗಳ ನಡುವೆಯೂ ಒಂದು ಬಲ್ಬು ಇರುತ್ತದೆ. ನೆರಳು ಎಲ್ಲಿ ಬೀಳುತ್ತದೆ ಅಂತ ನೋಡೋಕೆ ಇಟ್ಟದ್ದು ಅದು. ಆ ಬಲ್ಬಿನ ಸುತ್ತ ಬಳೆಯ ಹಾಗೆ ಬಾಗಿದ ಗಾಜಿನ ಕೊಳವೆ ಕಂಡರೆ ಅದು ಫ್ಲ್ಯಾಶ್. ಅದನ್ನಾಗಲಿ, ಅದರ ಜೊತೆಗಿರುವ ಪವರ್ ಪೆಟ್ಟಿಗೆಯನ್ನಾಗಲಿ ಬಿಚ್ಚಬೇಡಿ. ಒಳಗೆ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳಲ್ಲಿ ಪ್ಲಗ್ಗು ತೆಗೆದ ಮೇಲೂ ಪ್ರಾಣಕ್ಕೇ ಕುತ್ತು ತರುವಷ್ಟು ಚಾರ್ಜ್ ಉಳಿದಿರಬಹುದು.

ಈಗ ಮುಂಭಾಗ. ಲೆನ್ಸ್ ಇಲ್ಲದೆ ಬರೀ ಅಗಲ ಅಲ್ಯೂಮಿನಿಯಂ ತಟ್ಟೆ ಇದ್ದು, ನಡುವೆ ಬಲ್ಬನ್ನು ತಿರುಪಿ ಕೂರಿಸುವ ಹೋಲ್ಡರ್ ಇದ್ದರೆ ಅದು ಬಹುಪಾಲು ಫೋಟೋಫ್ಲಡ್ ಬಲ್ಬಿಗೆ ಮಾಡಿದ್ದು. ಈ ಬಲ್ಬುಗಳಲ್ಲಿ ತಂತಿಯನ್ನು ತಾಳಿಕೆಗಿಂತ ಜಾಸ್ತಿ ಕಾಯಿಸುತ್ತಾರೆ. ಅದಕ್ಕೇ ಬೆಳಕು 3400 ಕೆಲ್ವಿನ್‌ನಷ್ಟು ಬಿಳಿ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ), ಆಯಸ್ಸು ಮಾತ್ರ ತೀರಾ ಕಮ್ಮಿ. ಬಿಬಿಎ ಅನ್ನುವ 250 ವ್ಯಾಟಿನ ಬಲ್ಬು ಸುಮಾರು 3 ಗಂಟೆ ಬಾಳುತ್ತದೆ, ಇಬಿವಿ ಅನ್ನುವ 500 ವ್ಯಾಟಿನದು ಸುಮಾರು 6 ಗಂಟೆ. ಇನ್ನು ಲೆನ್ಸ್ ಇಲ್ಲದ, ಕಿತ್ತಳೆ ಅಥವಾ ಹಳದಿ ತಲೆಯ ಲೈಟುಗಳಿವೆ. ಕಿತ್ತಳೆಯದು 800 ವ್ಯಾಟಿನ ರೆಡ್‌ಹೆಡ್, ಹಳದಿಯದು 2000 ವ್ಯಾಟಿನ ಬ್ಲಾಂಡ್. ಇವು ಹ್ಯಾಲೊಜನ್, ಅಂದರೆ ವಿಶೇಷ ಅನಿಲ ತುಂಬಿದ ಪುಟ್ಟ ಬಲ್ಬುಗಳ ಕಾಲದವು.

ಮುಂದೆ ದಪ್ಪ ಗಾಜಿನ ಲೆನ್ಸ್ ಇದ್ದು, ಅದರ ಮೇಲೆ ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ ಸುತ್ತು ಸುತ್ತು ಗೆರೆಗಳಿದ್ದರೆ ನಿಮಗೆ ಸಿಕ್ಕಿರೋದು ಫ್ರೆನೆಲ್. ಖುಷಿಪಡಿ. ಈ ಲೆನ್ಸ್ ಹುಟ್ಟಿದ್ದು 1820ರ ದಶಕದಲ್ಲಿ, ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಗಳಿಗಾಗಿ. ಫ್ರಾನ್ಸಿನ ವಿಜ್ಞಾನಿ ಅಗಸ್ಟಿನ್ ಫ್ರೆನೆಲ್ ದಪ್ಪ ಮಸೂರದ ಒಳಗಿನ ಬೇಡದ ಗಾಜನ್ನು ತೆಗೆದು, ಬೆಳಕನ್ನು ಬಾಗಿಸುವ ಮೇಲ್ಮೈಯನ್ನಷ್ಟೇ ಮೆಟ್ಟಿಲು ಮೆಟ್ಟಿಲಾಗಿ ಉಳಿಸಿಕೊಂಡರು. ತೂಕ ಇಳಿಯಿತು, ಗಾಜು ಕಾವು ತಡೆಯುವ ಹಾಗಾಯಿತು. ಲೆನ್ಸಿನ ಹಿಂಬದಿ ಮುಟ್ಟಿ ನೋಡಿ, ಸಾಮಾನ್ಯವಾಗಿ ಸಣ್ಣ ಸಣ್ಣ ಗುಳಿಗಳು ಕೈಗೆ ಸಿಗುತ್ತವೆ. ಬಲ್ಬಿನ ತಂತಿಯ ಆಕಾರ ಗೋಡೆ ಮೇಲೆ ಮೂಡದಿರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಾಳಾಗಿದೆ ಅಂತ ಉಜ್ಜಬೇಡಿ. ಆದರೆ ಲೆನ್ಸಿನಲ್ಲಿ ಬಿರುಕು ಇದ್ದರೆ ಆ ಲೈಟನ್ನು ಯಾರ ತಲೆಯ ಮೇಲೂ ಉರಿಸಬೇಡಿ.

ಕಂಪನಿ ಯಾವುದು? ತಗಡಿನ ಚೀಟಿ ಉಳಿದಿದ್ದರೆ ಸರಿ. ಕಂದುಗೆಂಪು ಬಣ್ಣವಿದ್ದರೆ ಮೋಲ್ ರಿಚರ್ಡ್‌ಸನ್ ಇರಬಹುದು. 1927ರಲ್ಲಿ ಹಾಲಿವುಡ್‌ನಲ್ಲಿ ಶುರುವಾದ ಕಂಪನಿ ಅದು. ಬಣ್ಣ ಬಳಿದು, ಚೀಟಿ ಕಿತ್ತುಹೋಗಿದ್ದರೆ ಸ್ಟ್ಯಾಂಡಿಗೆ ಕೂರುವ ಜಾಗ ಅಳೆದು ನೋಡಿ. 16 ಮಿಲಿಮೀಟರ್ ಪಿನ್ನಿಗೆ ಕೂತರೆ ಬೇಬಿ ಅಳತೆ, ಸಾಮಾನ್ಯವಾಗಿ 1000 ವ್ಯಾಟ್ ಅಥವಾ ಅದಕ್ಕೂ ಚಿಕ್ಕದು. ಲೈಟಿನಿಂದಲೇ 28 ಮಿಲಿಮೀಟರ್ ಪಿನ್ ಕೆಳಗೆ ಬಂದಿದ್ದರೆ ಜೂನಿಯರ್ ಅಳತೆ, 2000 ವ್ಯಾಟ್ ಅಥವಾ ಅದಕ್ಕೂ ದೊಡ್ಡದು. ಕಂಪನಿ ಹೆಸರಿಗಿಂತ ಈ ಅಳತೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರೋದು.

ವೈರಿನ ವಿಷಯಕ್ಕೆ ಬರ್ತೀನಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ಒಮ್ಮೆ ಒಂದು ಫ್ರೆನೆಲ್ ಕೊಂಡಿದ್ದೆ. ಮಾರಿದವರು "ವೈರೆಲ್ಲ ಹೊಸದು" ಅಂದಿದ್ದರು. ಪ್ಲಗ್ಗು ಹೊಸದು, ಹೊರಗಿನ ಕೇಬಲ್ಲೂ ಹೊಸದು. ಹಿಂದಿನ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದೆ. ಹೊಸ ವೈರು ಒಳಗೆ ನಾಲ್ಕು ಬೆರಳು ಹೋಗಿ ಹಳೇ ವೈರಿಗೆ ಗಂಟು ಬಿದ್ದಿತ್ತು. ಆ ಹಳೇ ವೈರಿನ ಮೈಮೇಲೆ ಬೂದು ಬಿಳುಪಿನ ಹೆಣಿಗೆ, ತುದಿಯಲ್ಲಿ ಹತ್ತಿಯ ಹಾಗೆ ನಾರು ಬಿಚ್ಚಿಕೊಂಡಿತ್ತು. ಉಸಿರು ಬಿಗಿಹಿಡಿದು ಮುಚ್ಚಳ ಹಾಕಿದೆ. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಾವು ತಡೆಯಲಿ ಅಂತ ಹಳೇ ಲೈಟುಗಳ ಒಳವೈರಿಗೆ ಕಲ್ನಾರನ್ನೇ ಸುತ್ತುತ್ತಿದ್ದರು. ಅದರ ಧೂಳು ಶ್ವಾಸಕೋಶ ಸೇರಿದರೆ ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ಲೈಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಲ್ನಾರು ತೆಗೆಯೋದನ್ನೇ ಕೆಲಸ ಮಾಡಿಕೊಂಡವರಿಗೆ ಕೊಟ್ಟೆ. ನಿಮ್ಮ ಲೈಟಿನಲ್ಲಿ ಇಂಥ ನಾರು ಕಂಡರೆ ಎಳೆಯಬೇಡಿ, ಕತ್ತರಿಸಬೇಡಿ, ಬ್ರಶ್ ಹಾಕಬೇಡಿ. ಪರೀಕ್ಷೆ ಆಗುವ ತನಕ ಅದನ್ನು ಕಲ್ನಾರು ಅಂತಲೇ ಭಾವಿಸಿ.

ಇನ್ನೊಂದು, ಅರ್ಥಿಂಗ್. ಎಷ್ಟೋ ಹಳೇ ಲೈಟುಗಳಿಗೆ ಇರೋದು ಎರಡೇ ವೈರು. ಮೈಯೆಲ್ಲ ಲೋಹ. ಒಳಗೆ ಒಂದು ವೈರು ಬೆತ್ತಲಾಗಿ ಮೈಗೆ ತಾಗಿದರೆ ಇಡೀ ಲೈಟೇ ಕರೆಂಟು. ಕಾವು ತಡೆಯುವ ಸಿಲಿಕೋನ್ ಅಥವಾ ಫೈಬರ್‌ಗ್ಲಾಸ್ ವೈರು, ಹೊಸ ಪಿಂಗಾಣಿ ಹೋಲ್ಡರ್, ಮೈಗೆ ಗಟ್ಟಿಯಾಗಿ ಬಿಗಿದ ಅರ್ಥ್ ವೈರು, ಇಷ್ಟನ್ನೂ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಹಳೇ ಹೋಲ್ಡರಿನ ಪಿನ್ನು ಕೂರುವ ಜಾಗ ಸುಟ್ಟು ಕಪ್ಪಾಗಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಸಡಿಲ ಹೋಲ್ಡರ್ ಹೊಸ ಬಲ್ಬನ್ನೂ ಸುಡುತ್ತದೆ.

ಬಲ್ಬಿನ ಮೇಲೆ ಬರೆದ ವೋಲ್ಟೇಜ್ ಓದದೆ ಸ್ವಿಚ್ಚು ಹಾಕಬೇಡಿ. ಉದಾಹರಣೆಗೆ ಎಫ್‌ಇಎಲ್ ಅನ್ನುವ 1000 ವ್ಯಾಟಿನ ಬಲ್ಬು 120 ವೋಲ್ಟಿನದು. ಅದಕ್ಕೆ 230 ವೋಲ್ಟ್ ಕೊಟ್ಟರೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಸುಡುತ್ತದೆ, ಸಿಡಿಯಲೂಬಹುದು. ಕರೆಂಟಿನ ಲೆಕ್ಕ ಸುಲಭ: ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. 1000 ವ್ಯಾಟಿನ ಲೈಟು 230 ವೋಲ್ಟಿನಲ್ಲಿ 4.3 ಆಂಪ್ ಎಳೆಯುತ್ತದೆ, 120 ವೋಲ್ಟಿನಲ್ಲಿ 8.3. ಎಕ್ಸ್‌ಟೆನ್ಶನ್ ವೈರು ಸುತ್ತಿಟ್ಟ ಹಾಗೇ ಬಳಸಬೇಡಿ, ಪೂರ್ತಿ ಬಿಡಿಸಿ. ಹ್ಯಾಲೊಜನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಬೇಗ ಕೆಡುತ್ತದೆ. ಅಂದ ಹಾಗೆ, ತುಂಬಾ ದೊಡ್ಡ ಹಳೇ ಬಲ್ಬು ಸಿಕ್ಕಿ, ಒಳಗೆ ಮರಳಿನ ಹಾಗೆ ಏನೋ ಸದ್ದು ಮಾಡಿದರೆ ಒಡೆದಿದೆ ಅಂತ ಎಸೆಯಬೇಡಿ. ಅದು ಬಲ್ಬಿನ ತಂತಿ ಮಾಡುವ ಲೋಹವಾದ ಟಂಗ್‌ಸ್ಟನ್ನಿನ ಪುಡಿ ಇರಬಹುದು. ಗಾಜಿನ ಒಳಗೆ ಕಪ್ಪು ಕಟ್ಟಿದಾಗ ಬಲ್ಬನ್ನು ಮೆಲ್ಲಗೆ ತಿರುಗಿಸಿ ಆ ಪುಡಿಯಿಂದಲೇ ಉಜ್ಜಿ ತೆಗೆಯುತ್ತಿದ್ದರು.

"ಎಲ್‌ಇಡಿ ಬಲ್ಬು ಹಾಕಿಬಿಡಲಾ?" ಅಂತಲೂ ಕೇಳುತ್ತಾರೆ. ತಟ್ಟೆ ಲೈಟಿಗೆ ಧಾರಾಳವಾಗಿ ಹಾಕಿ, ಬಣ್ಣ ಸರಿಯಾಗಿ ತೋರಿಸುವಂಥದ್ದನ್ನು ಆರಿಸಿ. ಫ್ರೆನೆಲ್‌ಗೆ ಬೇಡ. ಅದರ ಲೆನ್ಸು, ಹಿಂದಿನ ಕನ್ನಡಿ ಎರಡೂ ಚಿಕ್ಕ ತಂತಿಯೊಂದನ್ನು ನಂಬಿ ಮಾಡಿದವು. ಅಲ್ಲಿ ದೊಡ್ಡ ಬಿಳಿ ಬುರುಡೆ ಕೂರಿಸಿದರೆ ಬೆಳಕು ಒಂದೆಡೆ ಸೇರೋದೇ ಇಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂತೀರಾ? ಮೂಕಿ ಸಿನಿಮಾಗಳ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಹಾಗಾಗಿ ಕೆಂಪೇ ಜಾಸ್ತಿ ಇರುವ ಟಂಗ್‌ಸ್ಟನ್ ಬಲ್ಬಿನ ಬೆಳಕು ಅಷ್ಟಾಗಿ ಕೆಲಸಕ್ಕೆ ಬರುತ್ತಿರಲಿಲ್ಲ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ಬಂತು, ಮಾತಿನ ಸಿನಿಮಾ ಬಂತು. ಅಲ್ಲಿಯ ತನಕ ಬಳಸುತ್ತಿದ್ದ, ಗುಂಯ್‌ಗುಡುವ ಕಾರ್ಬನ್ ಆರ್ಕ್ ದೀಪಗಳು ಮೈಕಿಗೆ ತೊಂದರೆ ಕೊಟ್ಟವು. 1928ರಲ್ಲಿ ಹಾಲಿವುಡ್‌ನಲ್ಲಿ ಟಂಗ್‌ಸ್ಟನ್ ಬಲ್ಬುಗಳ ದೊಡ್ಡ ಪರೀಕ್ಷೆಯೇ ನಡೆಯಿತು. 1930ರ ದಶಕದ ತಾರೆಯರ ಭಾವಚಿತ್ರಗಳಲ್ಲಿ ಕೆನ್ನೆಯ ಮೂಳೆಯಿಂದ ಜಾರಿ ಕತ್ತಲಲ್ಲಿ ಕರಗುವ ಬೆಳಕಿದೆಯಲ್ಲ, ಅದು ಇಂಥ ಲೈಟಿನದೇ.

ನೀವೇ ಮಾಡಿ ನೋಡಿ. ಕ್ಯಾಮೆರಾವನ್ನು 3200 ಕೆಲ್ವಿನ್‌ಗೆ ಇಡಿ, ಕಿಟಕಿ ಮುಚ್ಚಿ. ಬಿಸಿಲಿನ ಬೆಳಕು ಸೇರಿದರೆ ಮುಖದ ಒಂದು ಬದಿ ನೀಲಿ, ಇನ್ನೊಂದು ಹಳದಿ. ಒಂದೇ ಫ್ರೆನೆಲ್ಲನ್ನು ಕಣ್ಣಿಗಿಂತ ಎತ್ತರದಲ್ಲಿ ಓರೆಯಾಗಿ ನಿಲ್ಲಿಸಿ. ಹಿಂದಿನ ಗುಂಡಿ ತಿರುಗಿಸಿ ಬಲ್ಬನ್ನು ಲೆನ್ಸಿನ ಹತ್ತಿರ ತಂದರೆ ಬೆಳಕು ಹರಡುತ್ತದೆ, ದೂರ ಸರಿಸಿದರೆ ಬಿಗಿಯಾಗುತ್ತದೆ. ಆಮೇಲೆ ಬೆಳಕಿನ ನಡುಭಾಗ ಮುಖದ ಮುಂದೆ ಹಾದುಹೋಗುವ ಹಾಗೆ ಲೈಟನ್ನು ಸ್ವಲ್ಪ ತಿರುಗಿಸಿ, ಅಂಚಿನ ಬೆಳಕಷ್ಟೇ ಮುಖಕ್ಕೆ ಬೀಳಲಿ. ಚರ್ಮ ಮೆತ್ತಗೆ ಕಾಣುತ್ತದೆ, ನೆರಳಿನ ಗೆರೆ ಮಾತ್ರ ಗಟ್ಟಿಯಾಗೇ ಇರುತ್ತದೆ. ಬೆಳಕು ಜಾಸ್ತಿಯಾದರೆ ಡಿಮ್ಮರ್ ಹಾಕಬೇಡಿ, ಬಣ್ಣ ಕೆಂಪಗಾಗುತ್ತದೆ. ತಂತಿ ಜಾಲರಿಯ ಸ್ಕ್ರಿಮ್ ಹಾಕಿ, ಇಲ್ಲವೇ ಸ್ಟ್ಯಾಂಡನ್ನು ಹಿಂದಕ್ಕೆ ಎಳೆಯಿರಿ. ಎಳೆಯುವ ಮುಂಚೆ ಆರಿಸಿ, ಸ್ವಲ್ಪ ಕಾಯಿರಿ. ಕಾದ ತಂತಿ ಮೆತ್ತಗಿರುತ್ತದೆ, ಒಂದು ಸಣ್ಣ ಕುಲುಕಿಗೂ ಕಡಿದುಹೋಗುತ್ತದೆ. ಆರುತ್ತಿರುವ ತಗಡು ಟಕ್ ಟಕ್ ಅನ್ನುತ್ತಿರುತ್ತದೆ. ಆ ಸದ್ದು ಪೂರ್ತಿ ನಿಂತ ಮೇಲೆ ಸ್ಟ್ಯಾಂಡಿಗೆ ಕೈ ಹಾಕಿ.