ಒಂಬತ್ತು ಗೊಂಡೆ ಸಸಿ

ಜುಲೈ 18, 2025, ಶುಕ್ರವಾರ
ಸಂತೆಕಟ್ಟೆ, ಉಡುಪಿ

ಬೆಳಗ್ಗೆ ನೋಡುವಾಗ ಇನ್ನೂ ಐದು ಗೊಂಡೆ ಸಸಿ ಹೋಗಿದೆ. ಬುಡದಲ್ಲಿ ಹಸಿರು ಕಡ್ಡಿ ಮಾತ್ರ ನಿಂತಿದೆ, ಎಲೆ ಒಂದೂ ಇಲ್ಲ. ಇಪ್ಪತ್ತನಾಲ್ಕು ನೆಟ್ಟಿದ್ದೆ, ಈಗ ಒಂಬತ್ತು. ಸೆಪ್ಟೆಂಬರ್ 22ಕ್ಕೆ ನವರಾತ್ರಿ ಶುರು. ಈ ಸಲವಾದರೂ ದೇವರಿಗೆ ಮನೆಯ ಹೂವೇ ಆಗಬೇಕು ಅಂತ ಆಸೆ. ಇನ್ನೊಮ್ಮೆ ಬೀಜ ಹಾಕಿದರೆ ಹಬ್ಬಕ್ಕೆ ಹೂವು ಸಿಗುತ್ತದೋ ಇಲ್ಲವೋ.

ಸಿಂಬಳದ ಹುಳ. ಪ್ರತೀ ಮಳೆಗಾಲ ಬರುತ್ತದೆ, ಈ ವರ್ಷ ಜಾಸ್ತಿ. ಬಚ್ಚಲ ಒಲೆಯ ಬೂದಿ ಹಾಕಿದೆ, ಒಂದೇ ಮಳೆಗೆ ತೊಳೆದು ಹೋಯಿತು. ಬೂದಿ ಒಣಗಿದ್ದರೆ ಮಾತ್ರ ಕೆಲಸ ಮಾಡುತ್ತದೆ, ಆಟಿ ತಿಂಗಳ ಮಳೆಯಲ್ಲಿ ಒಣಗಿದ್ದು ಅಂತ ಎಲ್ಲಿ ಸಿಗಬೇಕು? ಭಾನುವಾರ ಸಿಟ್ಟಿನಲ್ಲಿ ಸಸಿಗಳ ಸುತ್ತ ಕಲ್ಲುಪ್ಪು ಹಾಕಿದ್ದು ದೊಡ್ಡ ತಪ್ಪು. ಉಪ್ಪು ಕರಗಿ ಬೇರಿಗೆ ಇಳಿದು ಎರಡು ಸಸಿ ಬಾಡಿ ಸತ್ತವು. ಅವನ್ನು ಹುಳ ತಿಂದದ್ದಲ್ಲ, ನಾನೇ ಕೊಂದದ್ದು.

ಅದಕ್ಕೇ ನಿನ್ನೆ ಅಂಗಡಿಯಿಂದ ಗುಳಿಗೆಯ ಪ್ಯಾಕೆಟ್ ತಂದೆ. ಸಂಜೆ ಅದನ್ನು ಬಿಡಿಸುತ್ತಿದ್ದಾಗ ಕಂಪೌಂಡಿನ ಆಚೆಯಿಂದ ದೊಡ್ಡಮ್ಮ ಕೇಳಿದರು, “ಎಂತ ಮಾರಾಯ್ತಿ ಅದು?”

“ಹುಳಕ್ಕೆ ಮದ್ದು ದೊಡ್ಡಮ್ಮ.”

“ಹುಳ ಒಂದೇ ತಿನ್ನುತ್ತದಾ ಅದನ್ನು?”

ನಾನು ಪ್ಯಾಕೆಟ್ ಓದಿದೆ. ಮೆಟಾಲ್ಡಿಹೈಡ್. ನಾಯಿಗೆ ಎಷ್ಟು ಕೆಟ್ಟದ್ದು ಅಂತ ಗೊತ್ತಿದ್ದೂ ತಂದಿದ್ದೆ. ಗುಳಿಗೆಯಲ್ಲಿ ತೌಡಿನಂಥದ್ದು ಬೆರೆಸಿರುತ್ತಾರೆ, ನಾಯಿಗೆ ಅದರ ವಾಸನೆ ಇಷ್ಟ. ತಿಂದರೆ ನಡುಕ, ಸೆಳೆತ. ನಮ್ಮ ಕರಿಯ ನೆಲದಲ್ಲಿ ಬಿದ್ದದ್ದನ್ನು ಯಾವತ್ತಾದರೂ ಬಿಟ್ಟದ್ದುಂಟಾ?

ದೊಡ್ಡಮ್ಮ ಬೈಯಲಿಲ್ಲ. “ಬೆಳಗ್ಗೆ ಕೆಂಬೂತ ಬರ್ತದಲ್ಲ, ಬಸವನ ಹುಳ ಹೆಕ್ಕಿಕೊಂಡು ಹೋಗ್ಲಿಕ್ಕೆ. ಅದಕ್ಕೂ ಎಂತಾದ್ರೂ ಆದ್ರೆ?” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಜೆಗೆ ಹಸಿ ಗೋಣಿ ಹಾಸಿಡು. ಅಡಿಗೆ ನಾಲ್ಕು ಪಪ್ಪಾಯಿ ಎಲೆ ಇಡು. ಬೆಳಗ್ಗೆ ಎತ್ತು, ಎಲ್ಲ ಅಲ್ಲೇ ಇರ್ತದೆ. ರಾತ್ರಿ ಟಾರ್ಚ್ ಹಿಡ್ಕೊಂಡು ಹೆಕ್ಕು. ನಿದ್ದೆ ಸ್ವಲ್ಪ ಕಮ್ಮಿ ಆಗ್ತದೆ, ಅಷ್ಟೇ” ಅಂದರು.

ಪ್ಯಾಕೆಟ್ ಈಗ ಅಟ್ಟದ ಮೇಲೆ, ಡಬ್ಬಿಯೊಳಗೆ ಉಂಟು. ಬಿಸಾಡುವುದಾದರೂ ಎಲ್ಲಿಗೆ?

ರಾತ್ರಿ ಒಂಬತ್ತಕ್ಕೆ ಮಳೆ ಸ್ವಲ್ಪ ಬಿಟ್ಟಿತು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೊರಟೆ. ಬರಿಗೈಯಲ್ಲಿ ಮುಟ್ಟಬಾರದು, ಇಲಿಯಿಂದ ಬರುವ ಸಣ್ಣ ಹುಳ ಇವುಗಳ ಮೈಯಲ್ಲಿ ಇರುತ್ತದೆ, ಮನುಷ್ಯರ ಮೆದುಳಿಗೂ ತೊಂದರೆ ಕೊಡುತ್ತದೆ. ಹರಿವೆ ಸೊಪ್ಪನ್ನು ಎರಡೆರಡು ಸಲ ತೊಳೆಯುವುದು ಅದಕ್ಕೇ.

ಮೂರನೇ ಸಸಿಯ ಮೇಲೆ ಒಂದಿತ್ತು. ಕಪ್ಪು, ಚಪ್ಪಟೆ, ಹಳೇ ಚಪ್ಪಲಿಯ ಪಟ್ಟಿಯ ಹಾಗೆ. ಬೆನ್ನ ಉದ್ದಕ್ಕೂ ಒಂದು ತೆಳು ಗೆರೆ. ಬೆಳಕು ಬಿದ್ದ ಕೂಡಲೇ ಕೊಂಬು ಒಳಗೆಳೆದುಕೊಂಡಿತು. ಎಲೆಯ ಅಂಚು ಅರ್ಧ ಚಂದ್ರನ ಹಾಗೆ ಕಚ್ಚಿ ಹೋಗಿತ್ತು. ಹೂಚಟ್ಟಿ ಎತ್ತಿದರೆ ಅಡಿಯಲ್ಲಿ ಮೊಟ್ಟೆ! ನೆನೆಸಿದ ಸಬ್ಬಕ್ಕಿಯನ್ನು ದಾರಕ್ಕೆ ಪೋಣಿಸಿದ ಹಾಗೆ, ಒಂದಕ್ಕೊಂದು ಅಂಟಿಕೊಂಡು. ಈ ಹುಳದಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ. ಅಂದರೆ ಬಿಟ್ಟ ಒಂದೊಂದೂ ಮೊಟ್ಟೆ ಇಡುತ್ತದೆ. ಅದು ನೆನಪಾದ ಮೇಲೆ ಒಂದನ್ನೂ ಬಿಡಲಿಕ್ಕೆ ಮನಸ್ಸು ಬರಲಿಲ್ಲ.

ಮೂವತ್ತೊಂದು ಸಿಕ್ಕಿತು. ಉಪ್ಪು ನೀರಿನ ಬಕೆಟಿಗೆ ಹಾಕಿದೆ. ಮೊದಲನೆಯದು ಮುದುಡಿಕೊಳ್ಳುವುದನ್ನು ನೋಡಿದೆ. ಆಮೇಲೆ ನೋಡಲಿಲ್ಲ. ಸಸಿ ಉಳಿಯಬೇಕು, ಅದು ಖಂಡಿತ. ಆದರೆ ಅದಕ್ಕೂ ಹಸಿವೆಯೇ ಅಲ್ವಾ.

ಒಳಗೆ ಬಂದು ಕಾಲು ತೊಳೆಯುವಾಗ ಕರಿಯ ಬಂದು ಮೊಣಕಾಲಿಗೆ ತಲೆ ಒರೆಸಿದ. ಅವನನ್ನು ಜಾಸ್ತಿ ಹೊತ್ತು ಹಿಡಿದುಕೊಂಡೆ.

ಗೋಣಿ ಹಾಸಿ ಬಂದಿದ್ದೇನೆ, ಪಪ್ಪಾಯಿ ಎಲೆಯೂ ಇಟ್ಟಿದ್ದೇನೆ. ಈಗ ಪುನಃ ಮಳೆ ಜೋರು. ಬಸಳೆ ಚಪ್ಪರದ ಅಡಿ ನೋಡಲೇ ಇಲ್ಲ ಅಂತ ಈಗ ನೆನಪಾಯಿತು. ಅಲ್ಲಿ ತೆಂಗಿನ ಸಿಪ್ಪೆಯ ರಾಶಿ ಉಂಟು, ತಂಪು, ಕತ್ತಲೆ, ಹಗಲು ಅಲ್ಲೇ ಅಡಗುತ್ತವೋ ಏನೋ. ನಾಳೆ ಬೆಳಗ್ಗೆ ದೊಡ್ಡಮ್ಮನನ್ನೂ ಕರೆದು ನೋಡಬೇಕು.